ಗಂಟಲಿನ ಮುಳ್ಳೆಲುಬಿಗೆ ಹುಬ್ಬಳ್ಳಿ–ಧಾರವಾಡದಲ್ಲಿ ಸಿಗುವ ಚಿಕಿತ್ಸೆ: ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು

"ಗಂಟಲಾಗ ಮುಳ್ಳ ಸಿಕ್ಕೊಂಡಂಗ ಆಗೇತ್ರಿ. ಉಗುಳ ನುಂಗಿದ್ರ ಕಿವಿತನಕ ಚಳಕ್ ಹೊಡಿತೈತಿ." ಕಿವಿ-ಮೂಗು-ಗಂಟಲಿನ ಡಾಕ್ಟರ ಮುಂದೆ ಈ ಮಾತು ದಿನಾ ಬರುತ್ತದೆ. ಬಹಳಷ್ಟು ಮಂದಿಗೆ ಅದು ಟಾನ್ಸಿಲ್ ಬಾವು, ಹೊಟ್ಟೆಯ ಆಮ್ಲ ಮೇಲೇರಿದ್ದು, ಇಲ್ಲವೇ ಬುದ್ಧಿಹಲ್ಲಿನ ತೊಂದರೆ. ಮೂರನ್ನೂ ನೋಡಿ ಮುಗಿಸಿದ ಮೇಲೂ ಮುಳ್ಳು ಚುಚ್ಚುತ್ತಲೇ ಇದ್ದರೆ ಸ್ಟೈಲಾಯ್ಡ್ ಎಲುಬಿನ ಕಡೆ ಕಣ್ಣು ಹೋಗಬೇಕು. ಅವಳಿ ನಗರದಲ್ಲಿ ಈ ತೊಂದರೆಗೆ ತಪಾಸಣೆ, ಫೋಟೋ, ಶಸ್ತ್ರಕ್ರಿಯೆ ಎಲ್ಲವೂ ಸಿಗುತ್ತವೆ. ಗದಗ, ಹಾವೇರಿ ಕಡೆಯವರೂ ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆದರೆ ಸಿಗುವ ಸೇವೆಯ ಗುಣ ಹಂತಹಂತಕ್ಕೂ ಬೇರೆ. ಕತ್ತರಿ ಹಿಡಿಯುವ ಕೈ ಇಲ್ಲಿ ಚೆನ್ನಾಗಿದೆ. ಕತ್ತರಿಗೆ ಮೊದಲು ಆಗಬೇಕಾದ ತಪಾಸಣೆಯಲ್ಲೇ ಅವಸರ ಹೆಚ್ಚು. ಈ ಶಸ್ತ್ರಕ್ರಿಯೆ ಫಲ ಕೊಡದೆ ಹೋದರೆ ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ.

ಮೊದಲು ಎಲುಬಿನ ವಿಷಯ. ಕಿವಿಯ ಕೆಳಗೆ, ತಲೆಬುರುಡೆಯ ತಳದಿಂದ ಪೆನ್ಸಿಲ್ ಮೊನೆಯಂತೆ ಕೆಳಗೂ ಮುಂದಕ್ಕೂ ಇಳಿಯುವ ತೆಳ್ಳನೆಯ ಕಡ್ಡಿ ಇದು. ಎರಡೂ ಬದಿಗೆ ಒಂದೊಂದು. ಸಾಮಾನ್ಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. 3 ಸೆಂಟಿಮೀಟರ್ ದಾಟಿದರೆ ಉದ್ದವಾಗಿದೆ ಎನ್ನುತ್ತಾರೆ. ಅದರ ತುದಿಯಿಂದ ಗಂಟಲಿನ ಹಯಾಯ್ಡ್ ಎಲುಬಿನವರೆಗೆ ಒಂದು ನಾರಿನ ಹುರಿ ಇರುತ್ತದೆ. ಕೆಲವರಲ್ಲಿ ಆ ಹುರಿಯೇ ಸುಣ್ಣಗಟ್ಟಿ ಎಲುಬಾಗುತ್ತದೆ, ಕಡ್ಡಿ ಬೆಳೆದಂತೆ ಕಾಣುತ್ತದೆ. ನಾಲಿಗೆಗೆ, ಗಂಟಲಿನ ಗೋಡೆಗೆ, ಹಯಾಯ್ಡಿಗೆ ಹೋಗುವ ಮೂರು ಸ್ನಾಯುಗಳು ಇದಕ್ಕೇ ಕಟ್ಟಿಕೊಂಡಿರುತ್ತವೆ. ನುಂಗುವಾಗ, ಆಕಳಿಸುವಾಗ, ಕುತ್ತಿಗೆ ಹೊರಳಿಸುವಾಗ ನೋವು ಏಳುವುದು ಅದಕ್ಕೇ. ಅಕ್ಕಪಕ್ಕದ ಸಂದಣಿಯೂ ದೊಡ್ಡದು: ತಲೆಗೆ ರಕ್ತ ಒಯ್ಯುವ ಒಳ ಮತ್ತು ಹೊರ ಕೆರೋಟಿಡ್ ರಕ್ತನಾಳಗಳು, ಅದನ್ನು ಮರಳಿ ಇಳಿಸುವ ಜುಗುಲರ್ ಅಭಿಧಮನಿ, ಮಿದುಳಿನಿಂದ ಇಳಿದು ಬರುವ 9ರಿಂದ 12ನೇ ನರಗಳು. ಇವುಗಳ ನಡುವೆ ಕಡ್ಡಿ ಒಳಕ್ಕೆ ವಾಲಿದರೆ 9ನೇ ನರ ಕೆರಳುತ್ತದೆ. ಆ ನರದ ಒಂದು ಕವಲು ಕಿವಿಗೂ ಹೋಗುವುದರಿಂದ ಗಂಟಲಿನ ತೊಂದರೆ ಕಿವಿನೋವಾಗಿ ಕಾಣಿಸುತ್ತದೆ. ಕಿವಿಗೆ ಹನಿ ಹಾಕಿ ಹಾಕಿ ದಣಿದವರ ಕಿವಿಪರದೆ ನೋಡಿದರೆ ಸ್ವಚ್ಛವಾಗಿರುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ವಾಟ್ ಈಗಲ್ ಎಂಬ ಗಂಟಲು ತಜ್ಞರು 1937ರಲ್ಲಿ ಇದನ್ನು ವಿವರಿಸಿದರು. ಈಗಲ್ ಸಿಂಡ್ರೋಮ್ ಎಂಬ ಹೆಸರು ಬಂದದ್ದು ಅವರಿಂದ. ನೂರು ಜನರಲ್ಲಿ ಸುಮಾರು 4 ಮಂದಿಗೆ ಈ ಎಲುಬು ಉದ್ದ ಇರುತ್ತದೆ, ಅಂಥವರಲ್ಲೂ ತೀರ ಕೆಲವರಿಗಷ್ಟೇ ನೋವು ಬರುತ್ತದೆ ಎಂಬುದು ಅವರದೇ ಅಂದಾಜು. ಈ ಮಾತನ್ನು ನೆನಪಿಟ್ಟವರು ಫೋಟೋದಲ್ಲಿ ಉದ್ದ ಕಂಡಿತೆಂದು ಕತ್ತರಿ ಎತ್ತುವುದಿಲ್ಲ.

ತೊಂದರೆಗೆ ಎರಡು ಮುಖ. ಒಂದು ಗಂಟಲಿನದು: ಮುಳ್ಳು ಸಿಕ್ಕ ಅನಿಸಿಕೆ, ನುಂಗುವಾಗ ಒಂದೇ ಬದಿಗೆ ನೋವು, ಕಿವಿಗೆ ಸೆಳೆತ, ನಾಲಿಗೆ ಹೊರಚಾಚಿದರೆ ಅಥವಾ ಕುತ್ತಿಗೆ ತಿರುಗಿಸಿದರೆ ಚಳಕು. ಟಾನ್ಸಿಲ್ ತೆಗೆಸಿಕೊಂಡ ಕೆಲ ಕಾಲದ ಮೇಲೆ, ಗಾಯ ಗಡುಸಾಗಿ ನರವನ್ನು ಎಳೆಯುವುದರಿಂದಲೂ ಇದು ಶುರುವಾಗಬಹುದು. ಇನ್ನೊಂದು ರಕ್ತನಾಳದ್ದು: ಕಡ್ಡಿ ಕೆರೋಟಿಡ್ ನಾಳಕ್ಕೆ ಒತ್ತಿಕೊಂಡಾಗ ಕಣ್ಣಿನ ಸುತ್ತ ಅಥವಾ ತಲೆಯ ಒಂದೇ ಭಾಗಕ್ಕೆ ನೋವು, ಕುತ್ತಿಗೆ ತಿರುವಿದಾಗ ಕಣ್ಣು ಕತ್ತಲಿಡುವುದು, ಕೆಲವೊಮ್ಮೆ ಎಚ್ಚರ ತಪ್ಪುವುದು. ಕಡ್ಡಿಗೂ ಕುತ್ತಿಗೆಯ ಮೊದಲ ಮಣಿಗೂ ನಡುವೆ ಜುಗುಲರ್ ನಾಳ ಸಿಕ್ಕಿಬಿದ್ದರೆ ತಲೆಭಾರ, ಕಿವಿಯಲ್ಲಿ ನಾಡಿಯ ಲಯಕ್ಕೆ ಗುಂಯ್ ಎನ್ನುವ ಸದ್ದು. ಈ ಎರಡನೇ ಮುಖ ಅಪರೂಪ, ಆದರೆ ಅಪಾಯದ್ದು. ಮಾತು ತೊದಲಿದರೆ, ಒಂದು ಕೈ ಸೋತರೆ, ಒಂದು ಕಣ್ಣು ಮಂಜಾದರೆ ಕಿವಿ-ಗಂಟಲಿನ ಪಾಳಿ ಹಚ್ಚುತ್ತ ಕೂಡಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ. ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆಯ ಲಟಿಕೆ ಮುರಿಸಿಕೊಳ್ಳುವ ರೂಢಿಯವರಿಗೂ ಒಂದು ಮಾತು. ಉದ್ದದ ಸ್ಟೈಲಾಯ್ಡ್ ಇದ್ದವರ ಕುತ್ತಿಗೆಯನ್ನು ಜರ್ ಎಂದು ತಿರುವಿದರೆ ಕೆರೋಟಿಡ್ ನಾಳದ ಒಳಪದರ ಹರಿಯಬಹುದು. ಇವತ್ತಿಗೇ ಬಿಡಿ.

ಇನ್ನು ತಪಾಸಣೆ. ಸೇವೆ ಒಳ್ಳೆಯದೋ ಅಲ್ಲವೋ ಎಂದು ಅಳೆಯಲು ಮೊದಲ ಗುರುತು ಬೆರಳು. ಡಾಕ್ಟರು ಗ್ಲೌಸ್ ಹಾಕಿ, ತೋರುಬೆರಳನ್ನು ಬಾಯೊಳಗೆ ಬಿಟ್ಟು, ಟಾನ್ಸಿಲ್ ಗುಳಿಯನ್ನು ಮೇಲಿನಿಂದ ಕೆಳಗೆ ಒತ್ತಿ ನೋಡಬೇಕು. ಸಾಮಾನ್ಯ ಉದ್ದದ ಎಲುಬು ಅಲ್ಲಿ ಕೈಗೆ ಸಿಗುವುದಿಲ್ಲ. ಉದ್ದ ಇದ್ದರೆ ಲೋಳೆಪೊರೆಯ ಹಿಂದೆ ಗಟ್ಟಿ ಮೊನೆ ತಾಗುತ್ತದೆ, ಒತ್ತಿದ ಕೂಡಲೇ "ಹಾಂ, ಇದ ನೋಡ್ರಿ ಆ ನೋವು" ಎಂದು ರೋಗಿಯೇ ಹೇಳುತ್ತಾರೆ. ವಾಕರಿಕೆ ಹೆಚ್ಚಿದ್ದವರಿಗೆ ಮೊದಲು ಜೋಮು ಹಿಡಿಸುವ ಲಿಗ್ನೊಕೇನ್ ಸ್ಪ್ರೇ ಹೊಡೆಯಬಹುದು, ಆದರೆ ಸ್ಪ್ರೇ ನೋವನ್ನೂ ಮಂಕು ಮಾಡುತ್ತದೆ. ಹಾಗಾಗಿ ಸಾಧ್ಯವಾದಷ್ಟೂ ಸ್ಪ್ರೇ ಇಲ್ಲದೆ ಒಮ್ಮೆ ಒತ್ತಿ ನೋಡುವುದೇ ಸರಿ. ಎರಡೂ ಬದಿ ನೋಡಬೇಕು. ಅರ್ಧ ನಿಮಿಷದ ಕೆಲಸ, ರೊಕ್ಕ ಖರ್ಚಿಲ್ಲ. ಹೀಗಿದ್ದೂ ಟಾರ್ಚ್ ಬಿಟ್ಟು ನೋಡಿ ನೇರ ಸ್ಕ್ಯಾನ್ ಚೀಟಿ ಬರೆಯುವುದು ಅವಳಿ ನಗರದ ಖಾಸಗಿ ಕ್ಲಿನಿಕ್‌ಗಳಲ್ಲಿ ನಡೆಯುತ್ತದೆ. ಇದು ಸಲ್ಲದು. ಬೆರಳು ಹಾಕದೆ ಸ್ಟೈಲಾಯ್ಡ್ ಎಂದು ಹೆಸರಿಟ್ಟ ಚೀಟಿಗೆ ಬೆಲೆ ಕೊಡಬೇಡಿ.

ಎರಡನೆಯದು ಸೂಜಿ. ಬೆರಳಿಗೆ ನೋವು ಸಿಕ್ಕ ಜಾಗದಲ್ಲೇ 2 ಶೇಕಡಾ ಲಿಗ್ನೊಕೇನ್ ಸುಮಾರು 1 ಮಿಲಿಲೀಟರ್ ಚುಚ್ಚುತ್ತಾರೆ. ಔಷಧ ಬಿಡುವ ಮುನ್ನ ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡಲೇಬೇಕು, ಏಕೆಂದರೆ ಒಳ ಕೆರೋಟಿಡ್ ನಾಳ ಟಾನ್ಸಿಲ್ ಗುಳಿಯ ಹಿಂದೆ-ಹೊರಗಡೆಗೆ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಷ್ಟೇ ಇರುತ್ತದೆ. ಐದು-ಹತ್ತು ನಿಮಿಷ ಬಿಟ್ಟು ನೀರು ಕುಡಿಸಿ, ಕುತ್ತಿಗೆ ತಿರುಗಿಸಲು ಹೇಳುತ್ತಾರೆ. ನೋವು ಇಳಿದರೆ ಶಸ್ತ್ರಕ್ರಿಯೆಯಿಂದ ಗುಣ ಕಾಣುವ ಭರವಸೆ ಹೆಚ್ಚು. ಇಲ್ಲೊಂದು ಸೂಕ್ಷ್ಮವಿದೆ: 9ನೇ ನರದ್ದೇ ಆದ ನರಶೂಲೆಯೂ ಇದೇ ಸೂಜಿಗೆ ಇಳಿಯುತ್ತದೆ. ಅದರ ನೋವು ಕರೆಂಟ್ ಹೊಡೆದಂತೆ ಕೆಲ ಸೆಕೆಂಡು ಬಂದು ಹೋಗುತ್ತದೆ. ಸ್ಟೈಲಾಯ್ಡಿನ ನೋವು ಮಂದವಾಗಿ, ಬಿಡದೆ ಕಾಡುತ್ತದೆ. ಆದ್ದರಿಂದ ಸೂಜಿ ಒಂದೇ ಸಾಕ್ಷಿಯಾಗದು. ಬೆರಳು, ಸೂಜಿ, ಸಿಟಿ ಸ್ಕ್ಯಾನ್ ಮೂರೂ ಒಂದೇ ಬದಿಗೆ ಕೈತೋರಿಸಬೇಕು.

ಫೋಟೋಗಳ ಸಂಗತಿಗೆ ಬಂದರೆ ಅವಳಿ ನಗರಕ್ಕೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ವರದಿ ಬರೆಯುವ ರೀತಿಗೆ ಎರಡೇ. ಹಲ್ಲಿನ ದವಾಖಾನೆಗಳಲ್ಲಿ ತೆಗೆಯುವ ಒಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ ಫಿಲ್ಮು, ಕೆಲವೇ ನೂರು ರೂಪಾಯಿಗೆ ಆಗುತ್ತದೆ, ನಿಂತ ನಿಲುವಿನಲ್ಲಿ ಅರೆ ನಿಮಿಷಕ್ಕೆ ಮುಗಿಯುತ್ತದೆ. ಆದರೆ ಒಪಿಜಿ ಇದ್ದದ್ದನ್ನು ಹಿಗ್ಗಿಸಿ ತೋರಿಸುತ್ತದೆ, ಯಂತ್ರಕ್ಕೆ ತಕ್ಕಂತೆ 20ರಿಂದ 30 ಶೇಕಡಾವರೆಗೂ. 28 ಮಿಲಿಮೀಟರಿನ ಎಲುಬು ಫಿಲ್ಮಿನ ಮೇಲೆ 35 ಮಿಲಿಮೀಟರ್ ಕಾಣಬಹುದು. ಹಿಗ್ಗನ್ನು ಕಳೆಯದೆ ಪಟ್ಟಿ ಇಟ್ಟು ಅಳೆದು "ಉದ್ದವಾಗಿದೆ" ಎಂದು ಬರೆದರೆ ಸಾಮಾನ್ಯ ಎಲುಬಿನವರೂ ರೋಗಿಗಳಾಗುತ್ತಾರೆ. ಎಲುಬು ಒಳಕ್ಕೆ ವಾಲಿದೆಯೋ ಹೊರಕ್ಕೋ ಎಂಬುದನ್ನಂತೂ ಒಪಿಜಿ ಹೇಳಲಾರದು. ಒಪಿಜಿ ಸಂಶಯಕ್ಕೆ ಸಾಕು, ನಿರ್ಧಾರಕ್ಕೆ ಸಾಲದು.

ನಿರ್ಧಾರಕ್ಕೆ ಬೇಕಾದದ್ದು ಸಿಟಿ ಸ್ಕ್ಯಾನ್. ತಲೆಬುರುಡೆಯ ತಳದಿಂದ ಹಯಾಯ್ಡ್ ಎಲುಬಿನವರೆಗೆ, 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳನೆಯ ಪದರಗಳಲ್ಲಿ ತೆಗೆದು, 3ಡಿ ಚಿತ್ರ ಕಟ್ಟಿಸಬೇಕು. ಗಂಟಲಿನ ಮಾದರಿಗೆ ಬಣ್ಣದ ಔಷಧ ಬೇಕಿಲ್ಲ. ಕುತ್ತಿಗೆ ತಿರುವಿದಾಗ ಕಣ್ಣು ಕತ್ತಲಾಗುವವರಿಗೆ ಮಾತ್ರ ಬಣ್ಣ ಹಾಕಿ ರಕ್ತನಾಳಗಳ ಸಿಟಿ ಮಾಡಬೇಕು, ಆಗ ಕಿಡ್ನಿಯ ಕ್ರಿಯಾಟಿನಿನ್ ಮೊದಲೇ ನೋಡಿರಬೇಕು. ಚೀಟಿಯಲ್ಲಿ ಬರೀ "ಕುತ್ತಿಗೆ ಸಿಟಿ" ಎಂದು ಬರೆಸಿಕೊಂಡು ಹೋದರೆ ದಪ್ಪ ಪದರದ ಮಾಮೂಲಿ ಸ್ಕ್ಯಾನ್ ಆಗಿ ಬರುತ್ತದೆ, ಮತ್ತೆ ರೊಕ್ಕ ಕಟ್ಟಬೇಕಾಗುತ್ತದೆ. "ಸ್ಟೈಲಾಯ್ಡ್ ನೋಡಲು, 3ಡಿ ಸಹಿತ" ಎಂದು ಡಾಕ್ಟರ ಕೈಯಿಂದಲೇ ಬರೆಸಿ. ವರದಿಯಲ್ಲಿ ಎರಡೂ ಬದಿಯ ಉದ್ದ, ಒಳಕ್ಕೆ ವಾಲಿದ ಕೋನ, ಕಡ್ಡಿ ಒಂದೇ ತುಂಡೋ ನಡುವೆ ಕೀಲಿನಂತೆ ಬಿಟ್ಟಿದೆಯೋ ಅಥವಾ ಚೂರುಚೂರಾಗಿದೆಯೋ, ತುದಿಗೂ ಕೆರೋಟಿಡ್ ನಾಳಕ್ಕೂ ಇರುವ ಅಂತರ ಇಷ್ಟೂ ಇರಬೇಕು. ತುಂಡಿನ ಲೆಕ್ಕದ ಮೂರು ವಿಧಗಳನ್ನು ಲ್ಯಾಂಗ್ಲೆಯ್ಸ್ ಮತ್ತು ಜೊತೆಗಾರರು 1986ರಲ್ಲಿ ವಿಂಗಡಿಸಿದ್ದರು. ಶಸ್ತ್ರಕ್ರಿಯೆ ಮಾಡುವವರಿಗೆ ಇದು ಬೇಕಾಗುವುದೇಕೆಂದರೆ, ಕೀಲುಬಿಟ್ಟ ಕಡ್ಡಿಯನ್ನು ಎಳೆದಾಗ ಕೆಳತುಂಡು ಕೈಗೆ ಬಂದು ಮೇಲಿನದು ಒಳಗೇ ಉಳಿಯುತ್ತದೆ. ನಮ್ಮ ಕಡೆಯ ವರದಿಗಳಲ್ಲಿ ಉದ್ದವೊಂದನ್ನು ಬರೆದು ಕೈತೊಳೆದುಕೊಳ್ಳುವುದೇ ಹೆಚ್ಚು. ಕೋನ ಬರೆಯದ ವರದಿಯನ್ನು ವಾಪಸ್ ಒಯ್ದು ಕೇಳಿ. ಚಿತ್ರ ಕಂಪ್ಯೂಟರಿನಲ್ಲೇ ಇರುತ್ತದೆ, ಇನ್ನೊಮ್ಮೆ ಸ್ಕ್ಯಾನ್ ಬೇಕಿಲ್ಲ. ಸಿಡಿಯನ್ನೂ ಕೇಳಿ ಪಡೆಯಿರಿ. ಫಿಲ್ಮಿನ ಮೇಲಿನ ಹನ್ನೆರಡು ಚೌಕಗಳನ್ನು ನೋಡಿ ಯಾವ ಸರ್ಜನ್ನರೂ ದಾರಿ ತೀರ್ಮಾನಿಸಲಾರರು.

ಉತ್ತರ ಕರ್ನಾಟಕದಲ್ಲಿ ಈ ಚಿಕಿತ್ಸೆಗೆ ಒಂದು ತೊಡಕಿದೆ, ಅದೇ ಗುಟ್ಕಾ, ಮಾವಾ, ತಂಬಾಕು-ಸುಣ್ಣ. ವರ್ಷಾನುಗಟ್ಟಲೆ ಅಡಿಕೆ ಅಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗಿರುತ್ತದೆ. ತಮ್ಮದೇ ಮೂರು ಬೆರಳು ನೆಟ್ಟಗೆ ನಿಲ್ಲಿಸಿ ಮೇಲಿನ-ಕೆಳಗಿನ ಹಲ್ಲುಗಳ ನಡುವೆ ಹಿಡಿಸುತ್ತವೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಎರಡೇ ಹಿಡಿದರೆ ಬಾಯಿಯ ಮೂಲಕ ಎಲುಬು ತೆಗೆಯುವುದು ಕಷ್ಟ, ಉಸಿರಿನ ನಳಿಗೆ ಹಾಕುವುದೂ ಕಷ್ಟ. ಇದಕ್ಕಿಂತ ದೊಡ್ಡ ಮಾತು ಇನ್ನೊಂದು. ಅಗಿಯುವವರಿಗೆ ಒಂದೇ ಬದಿಗೆ ಗಂಟಲುನೋವು, ಕಿವಿಸೆಳೆತ ಇದ್ದರೆ ಮೊದಲು ಹುಡುಕಬೇಕಾದದ್ದು ಕ್ಯಾನ್ಸರು. ನಾಲಿಗೆಯ ಬುಡ, ಟಾನ್ಸಿಲ್, ಧ್ವನಿಪೆಟ್ಟಿಗೆಯ ಪಕ್ಕದ ಗುಳಿಗಳನ್ನು ಮೂಗಿನಿಂದ ಬಿಡುವ ದುರ್ಬೀನಿನಲ್ಲಿ ನೋಡಿ, ಕುತ್ತಿಗೆಯಲ್ಲಿ ಗಂಟುಗಳಿವೆಯೇ ಎಂದು ಮುಟ್ಟಿ ಪರೀಕ್ಷಿಸಿದ ಮೇಲೆ ಮಾತ್ರ ಸ್ಟೈಲಾಯ್ಡಿನ ಮಾತು. ಈ ಕ್ರಮ ತಲೆಕೆಳಗಾದರೆ ಆಗುವ ನಷ್ಟವನ್ನು ತುಂಬಿಕೊಡಲು ಯಾರಿಂದಲೂ ಆಗದು.

ಔಷಧದ ಹಂತವನ್ನು ಹಾರಿಸಬಾರದು, ಎಳೆಯಲೂ ಬಾರದು. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ, ಸಾಲದಿದ್ದರೆ ರಾತ್ರಿ ಗ್ಯಾಬಾಪೆಂಟಿನ್ ಅಥವಾ ಪ್ರಿಗ್ಯಾಬಾಲಿನ್, ಕೆಲವರಿಗೆ ಕಾರ್ಬಮಜೆಪಿನ್, ಅಮಿಟ್ರಿಪ್ಟಿಲಿನ್. ಮಂಪರು ತರುವ ಇವುಗಳನ್ನು ತೆಗೆದುಕೊಂಡು ಗಾಡಿ ಓಡಿಸಬೇಡಿ. ಕಾರ್ಬಮಜೆಪಿನ್‌ಗೆ ಮೈಮೇಲೆ ದದ್ದೆದ್ದರೆ ಅಂದೇ ಡಾಕ್ಟರನ್ನು ಕಾಣಿ. ಟಾನ್ಸಿಲ್ ಗುಳಿಗೆ ಸ್ಟೀರಾಯ್ಡ್ ಮತ್ತು ಲಿಗ್ನೊಕೇನ್ ಸೇರಿಸಿ ಚುಚ್ಚಿದರೆ ಕೆಲವರಿಗೆ ವಾರ, ತಿಂಗಳುಗಟ್ಟಲೆ ಆರಾಮ ಸಿಗುತ್ತದೆ. ಬೆರಳಿನಿಂದಲೇ ಒತ್ತಿ ಎಲುಬು ಮುರಿಯುವ ಹಳೆಯ ಪದ್ಧತಿಯೂ ಒಂದಿತ್ತು. ಮುರಿದ ಚೂಪು ತುದಿ ರಕ್ತನಾಳ, ನರಗಳ ನಡುವೆಯೇ ಉಳಿಯುವುದರಿಂದ ಅದನ್ನು ಈಗ ಯಾರೂ ಮಾಡಬಾರದು.

ಎಲ್ಲಿಗೆ ಹೋಗಬೇಕು? ವಿದ್ಯಾನಗರದ ಸರ್ಕಾರಿ ಆಸ್ಪತ್ರೆ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ, 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು (ಕೆಎಂಸಿ) ಆಗಿ ಶುರುವಾದ ಸಂಸ್ಥೆ, ಈ ಭಾಗದ ದೊಡ್ಡ ಆಸರೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆ ಒಂದೇ ಆವರಣದಲ್ಲಿವೆ. ಈ ಕಾಯಿಲೆಗೆ ಅದು ದೊಡ್ಡ ಅನುಕೂಲ, ಏಕೆಂದರೆ ಬುದ್ಧಿಹಲ್ಲು, ದವಡೆಕೀಲಿನ ತೊಂದರೆ ಅಲ್ಲವೆಂದು ಹೇಳಬೇಕಾದವರು ದವಡೆ ಸರ್ಜನ್ನರು. ಗಂಟಲು ನೋಡಬೇಕಾದವರು ಇಎನ್‌ಟಿಯವರು. ಎರಡೂ ಕಡೆಗೆ ಚಿಗರಿ ಬಸ್ ನಿಲ್ಲುತ್ತದೆ. ಗದಗ, ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಇಎನ್‌ಟಿ ವಿಭಾಗದಲ್ಲಿ ಬೆರಳು-ಸೂಜಿಯ ತಪಾಸಣೆ ಮುಗಿಸಿಕೊಂಡು ಬಂದರೆ ಹುಬ್ಬಳ್ಳಿಗೆ ಸುತ್ತು ಕಡಿಮೆಯಾಗುತ್ತದೆ. ಬೋಧನಾ ಆಸ್ಪತ್ರೆಗಳಲ್ಲಿ ಪಾಳಿ ಉದ್ದ, ನೋಡಿದ್ದನ್ನೇ ಮೂವರು ನೋಡುತ್ತಾರೆ. ಅದನ್ನು ಕಿರಿಕಿರಿ ಎಂದುಕೊಳ್ಳಬೇಡಿ; ಈ ಕಾಯಿಲೆಗೆ ಮೂರು ಬೆರಳು ಒಂದಕ್ಕಿಂತ ಒಳ್ಳೆಯದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸರೆಯಿದೆ, ಎಪಿಎಲ್‌ನವರಿಗೆ ಪ್ಯಾಕೇಜಿನ 30 ಶೇಕಡಾ. ಭರ್ತಿಯಾಗುವ ಮೊದಲೇ, ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಕೌಂಟರಿನಲ್ಲಿ ಸಿಟಿ ವರದಿ, ಕಾರ್ಡು ತೋರಿಸಿ, ಯಾವ ಪ್ಯಾಕೇಜಿನ ಹೆಸರಿನಲ್ಲಿ ಮಂಜೂರಾತಿಗೆ ಕಳಿಸುತ್ತಾರೆ ಎಂದು ಬರೆಸಿಕೊಳ್ಳಿ. ಟಾನ್ಸಿಲ್ ಸಹಿತವೋ ರಹಿತವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಈಗ ಶಸ್ತ್ರಕ್ರಿಯೆ. ಬಾಯಿಯ ದಾರಿ, ಕುತ್ತಿಗೆಯ ದಾರಿ ಎಂದು ಎರಡಿವೆ.

ಬಾಯಿಯ ದಾರಿಯೇ ಇಲ್ಲಿ ಹೆಚ್ಚು ನಡೆಯುವುದು. ಪೂರ್ತಿ ಅರಿವಳಿಕೆ, ಜನ ಭೂಲು ಎನ್ನುತ್ತಾರೆ. ಆರು ತಾಸು ಅನ್ನಾಹಾರ ಬಿಡಬೇಕು, ನೀರು ಎರಡು ತಾಸು. ಭುಜದ ಕೆಳಗೆ ದಿಂಬಿಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದಿಡುವ ಬಾಯ್ಲ್-ಡೇವಿಸ್ ಉಪಕರಣ ಹಾಕುತ್ತಾರೆ. ಟಾನ್ಸಿಲ್ ಇದ್ದರೆ ಹೆಚ್ಚಿನವರು ಅದನ್ನು ತೆಗೆದೇ ಮುಂದುವರಿಯುತ್ತಾರೆ. ಟಾನ್ಸಿಲ್ ಉಳಿಸಿಕೊಂಡು ಅದರ ಮುಂದಿನ ಮಡಿಕೆಯಲ್ಲಿ ಕೊಯ್ದು ಹೋಗುವುದೂ ಸಾಧ್ಯ. ಗುಳಿಯಲ್ಲಿ ಬೆರಳಾಡಿಸಿ ಮೊನೆ ಹುಡುಕಿ, ಅದರ ಮೇಲಿನ ಸ್ನಾಯುವಿನ ಎಳೆಗಳನ್ನು ಉದ್ದಕ್ಕೆ ಬಿಡಿಸುತ್ತಾರೆ, ಅಡ್ಡ ಕೊಯ್ಯುವುದಿಲ್ಲ. ಎಲುಬಿನ ಮೇಲಿನ ಪೊರೆಯನ್ನು ತುದಿಯಿಂದ ಸೀಳಿ, ಅಂಟಿದ ಹುರಿ-ಸ್ನಾಯುಗಳನ್ನು ಉಂಗುರದ ತುದಿಯ ಕ್ಯುರೆಟ್ ಎಂಬ ಉಪಕರಣದಿಂದ ಮೇಲಕ್ಕೆ ಒರೆಸುತ್ತ, ಕಡ್ಡಿಗೆ ಆತುಕೊಂಡೇ ಹೋಗಬೇಕು. ಪೊರೆಯ ಒಳಗಿದ್ದಷ್ಟು ಹೊತ್ತು ನರ-ನಾಳಗಳೆಲ್ಲ ಹೊರಗಿರುತ್ತವೆ, ಈ ಶಸ್ತ್ರಕ್ರಿಯೆಯ ಜೀವಾಳವೇ ಇದು. ಎಷ್ಟು ಮೇಲಕ್ಕೆ ಕಾಣುತ್ತದೋ ಅಷ್ಟು ಬಿಡಿಸಿ, ತುದಿಯನ್ನು ಚಿಮಟದಲ್ಲಿ ಗಟ್ಟಿಯಾಗಿ ಹಿಡಿದ ಮೇಲೆಯೇ ಬುಡದ ಕಡೆ ಕತ್ತರಿಸಬೇಕು. ಆಮೇಲೆ ಸ್ನಾಯು, ಲೋಳೆಪೊರೆ ಎರಡನ್ನೂ ಕರಗುವ 3-0 ವಿಕ್ರಿಲ್ ದಾರದಲ್ಲಿ ಹೊಲಿಯುತ್ತಾರೆ.

ಹೊರಬಂದ ತುಂಡನ್ನು ಸ್ಟೀಲ್ ತಟ್ಟೆಯಲ್ಲಿ ಒದ್ದೆ ಗಾಜ್ ಬಟ್ಟೆಯ ಮೇಲೆ ಇಟ್ಟರೆ ಜೋಳದ ದಂಟಿನ ಸಿಬಿರಿನಂತೆ ಕಾಣುತ್ತದೆ: ಒಂದು ತುದಿ ಚೂಪು, ಇನ್ನೊಂದು ತುದಿ ಮುರಿದು ಒರಟು, ಬಣ್ಣ ಹಳದಿಮಿಶ್ರಿತ ಬಿಳಿ, ಅಲ್ಲಲ್ಲಿ ಕೆಂಪು ನಾರು. ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೋ ತೆಗೆದು ಇಡುವ ತಂಡ ಎಚ್ಚರದ ತಂಡ. ಸಿಟಿಯಲ್ಲಿ 42 ಮಿಲಿಮೀಟರ್ ಇದ್ದು ತಟ್ಟೆಯಲ್ಲಿ 12 ಮಿಲಿಮೀಟರ್ ಮಾತ್ರ ಇದ್ದರೆ 30 ಮಿಲಿಮೀಟರ್ ಒಳಗೇ ಉಳಿದಂತಾಯಿತು. ಸಂಕಟ ಮರಳಿ ಬಂದಾಗ ಈ ಲೆಕ್ಕವೇ ದಾರಿ ತೋರಿಸುತ್ತದೆ.

ತಪ್ಪುವುದೆಲ್ಲಿ? ಬಾಯಿ ತೆರೆದಿಡುವ ಉಪಕರಣ ಹಾಕಿದ ಮೇಲೆ ನಾಲಿಗೆ ಎಳೆದು ಗಂಟಲಿನ ಆಕಾರವೇ ಬದಲಾಗುತ್ತದೆ, ಮೊನೆ ಇದ್ದ ಜಾಗದಲ್ಲಿ ಸಿಗುವುದಿಲ್ಲ. ಉಪಕರಣಕ್ಕೆ ಮೊದಲೇ ಒಮ್ಮೆ ಬೆರಳಿಟ್ಟು ಜಾಗ ಗುರುತಿಸಿದವರು ಪರದಾಡುವುದಿಲ್ಲ. ಹುರಿಯನ್ನು ಪೂರ್ತಿ ಬಿಡಿಸದೆ ಎಲುಬು ಮುರಿದರೆ ತುಂಡು ಹುರಿಯ ಜೊತೆ ಕುತ್ತಿಗೆಯ ಆಳಕ್ಕೆ ಜಾರುತ್ತದೆ. ಅದನ್ನು ಹುಡುಕಿ ಎಳೆಯುವ ಗಡಿಬಿಡಿಯಲ್ಲೇ ರಕ್ತಸ್ರಾವ ಆಗುವುದು. ತೀರ ಬುಡದವರೆಗೆ ತೆಗೆಯುವ ಆಸೆಯೂ ಬೇಡ: ಬುಡದ ಹಿಂದೆಯೇ ಮುಖದ ನರ ಹೊರಬರುವ ರಂಧ್ರವಿದೆ. ಗಾಯ ಸರಿಯಾಗಿ ಮುಚ್ಚದಿದ್ದರೆ ಬಾಯಿಯ ಕೀಟಾಣು ಕುತ್ತಿಗೆಯ ಆಳದ ಪದರಕ್ಕೆ ಇಳಿಯುತ್ತದೆ. ಜ್ವರ, ಬಾಯಿ ತೆರೆಯಲಾಗದಿರುವುದು, ದವಡೆಯ ಕೆಳಗೆ ಊತ ಕಂಡರೆ ಅದೇ ಸೂಚನೆ. ಚರ್ಮವನ್ನು ಒತ್ತಿದಾಗ ಮಂಡಕ್ಕಿ ಹಿಚುಕಿದಂತೆ ಚರಚರ ಎಂದರೆ ಗಾಳಿ ಒಳಹೊಕ್ಕಿದೆ ಎಂದರ್ಥ, ಕೂಡಲೇ ಹೇಳಬೇಕು. ಜೋರಾಗಿ ಮೂಗು ಸೀಟುವುದನ್ನು ಒಂದು ವಾರ ಬಿಡಿ ಎನ್ನುವುದು ಇದಕ್ಕೇ.

ಕುತ್ತಿಗೆಯ ದಾರಿಯಲ್ಲಿ ದವಡೆಯ ಕೆಳಗೆ ಸುಮಾರು ಎರಡು ಬೆರಳಗಲ ಬಿಟ್ಟು, ಚರ್ಮದ ಮಡಿಕೆಯಲ್ಲೇ ನಾಲ್ಕೈದು ಸೆಂಟಿಮೀಟರ್ ಕೊಯ್ಯುತ್ತಾರೆ. ಕುತ್ತಿಗೆಯ ದೊಡ್ಡ ಸ್ನಾಯುವನ್ನು ಹಿಂದಕ್ಕೂ ಲಾಲಾಗ್ರಂಥಿಯನ್ನು ಮೇಲಕ್ಕೂ ಸರಿಸಿ ಎಲುಬನ್ನು ಕಣ್ಣಾರೆ ಕಂಡು ತೆಗೆಯುತ್ತಾರೆ. ಹೆಚ್ಚು ಉದ್ದ ತೆಗೆಯಬಹುದು, ರಕ್ತನಾಳ ಎದುರಿಗೇ ಇರುತ್ತದೆ, ಗಾಯ ಬಾಯಿಯ ಹೊಲಸಿಗೆ ಸೇರುವುದಿಲ್ಲ. ಕಲೆ ಉಳಿಯುತ್ತದೆ, ಒಂದೆರಡು ದಿನ ಗಾಯದ ರಸ ಹೊರಹಾಕುವ ನಳಿಗೆ (ಡ್ರೇನ್) ಇರುತ್ತದೆ. ಕೆಳತುಟಿಯ ನರ ಎಳೆದಾಡಿದರೆ ನಗುವಾಗ ತುಟಿಯ ಒಂದು ಮೂಲೆ ಇಳಿಯದೆ ಸೊಟ್ಟ ಕಾಣುತ್ತದೆ, ಸಾಮಾನ್ಯವಾಗಿ ವಾರ-ತಿಂಗಳಲ್ಲಿ ಸರಿಹೋಗುತ್ತದೆ. ಕಿವಿಯ ಹಾಲೆ ಜೋಮು ಹಿಡಿಯಬಹುದು. ಕೆಲವರಿಗೆ ಊಟದ ಮೊದಲ ತುತ್ತಿಗೆ ಮಾತ್ರ ದವಡೆಯಲ್ಲಿ ಚಳಕು ಬರುತ್ತದೆ.

ಯಾವುದು ಮೇಲು? ತುದಿ ಬೆರಳಿಗೆ ಸ್ಪಷ್ಟವಾಗಿ ಸಿಗುವ, ಬಾಯಿ ಚೆನ್ನಾಗಿ ತೆರೆಯುವ, ಗಂಟಲಿನ ಮಾದರಿಯ ನೋವಿಗೆ ಬಾಯಿಯ ದಾರಿ ಸಾಕು. ರಕ್ತನಾಳದ ಮಾದರಿ, ಗುಟ್ಕಾದಿಂದ ಬಿಗಿದ ಬಾಯಿ, ಬೆರಳಿಗೆ ಸಿಗದೆ ಹೊರಕ್ಕೆ ವಾಲಿದ ಅಥವಾ ತೀರ ದಪ್ಪನೆಯ ಎಲುಬು, ಒಮ್ಮೆ ತೆಗೆದೂ ಉಳಿದ ತುಂಡು, ಇವಕ್ಕೆ ಕುತ್ತಿಗೆಯ ದಾರಿ. ಕಲೆಯ ಅಂಜಿಕೆಯಿಂದ ಬಾಯಿಯ ದಾರಿಗೇ ಪಟ್ಟು ಹಿಡಿಯಬೇಡಿ. ಎರಡೂ ದಾರಿ ಬಲ್ಲ ತಂಡವನ್ನೇ ಹುಡುಕಿ, ಈ ಎಲುಬಿಗೆ ಈ ದಾರಿಯೇ ಏಕೆಂದು ಕೇಳಿ. ಸಿಟಿ ಚಿತ್ರ ತೆರೆದು ಬೆರಳಿಟ್ಟು ತೋರಿಸಿದರೆ ನಂಬಿಕೆ ಇಡಬಹುದು. ನೋವು ಒಂದೇ ಬದಿಗಿದ್ದು ಎಲುಬು ಎರಡೂ ಬದಿ ಉದ್ದ ಇದ್ದರೆ ನೋವಿನ ಬದಿಯದನ್ನಷ್ಟೇ ತೆಗೆಯಬೇಕು. "ಹ್ಯಾಂಗೂ ಭೂಲು ಕೊಟ್ಟೇವಿ" ಎಂದು ಎರಡನ್ನೂ ತೆಗೆಯುವುದಕ್ಕೆ ಒಪ್ಪಬೇಡಿ.

ವಾರ್ಡಿನ ಆರೈಕೆಗೆ ಬಂದರೆ ಊಟದ ಸೂಚನೆ ಬಹಳ ಕಡೆ ಸಡಿಲ. "ಮೆತ್ತಗಿಂದು ಉಣ್ರಿ" ಎಂದಷ್ಟೇ ಹೇಳಿ ಕಳಿಸುತ್ತಾರೆ. ಬಾಯಿಯ ದಾರಿಯಾಗಿದ್ದರೆ ಮೊದಲ ದಿನ ತಣ್ಣನೆಯ ನೀರು, ಹಾಲು, ಐಸ್‌ಕ್ರೀಮು. ಆಮೇಲೆ ಆರಿದ ಅಂಬಲಿ, ರವೆ ಗಂಜಿ, ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕಿವುಚಿದ ಮೆತ್ತನೆ ಅನ್ನ. ಕಟಕ ರೊಟ್ಟಿ, ಕೆಂಪು ಖಾರದ ಚಟ್ನಿ, ಮಿರ್ಚಿ-ಭಜಿ, ಚುರುಮುರಿ ಎರಡು ವಾರ ದೂರ. ಬಿಸಿ ಬಿಸಿ ಚಹಾ ಕೂಡ. ನುಂಗಿದರೆ ನೋವಾಗುತ್ತದೆಂದು ನೀರನ್ನೇ ಬಿಟ್ಟರೆ ಗಂಟಲು ಒಣಗಿ ನೋವು ದುಪ್ಪಟ್ಟಾಗುತ್ತದೆ. ಊಟಕ್ಕೆ ಅರ್ಧ ತಾಸು ಮೊದಲು ನೋವಿನ ಔಷಧ ತೆಗೆದುಕೊಳ್ಳಬೇಕು. ಮೂರನೇ ದಿನದ ಹೊತ್ತಿಗೆ ಗಂಟಲಲ್ಲಿ ಬಿಳಿ-ಹಳದಿ ಪದರ ಕಾಣುತ್ತದೆ. ಮನೆಯವರು ಟಾರ್ಚ್ ಹಾಕಿ ನೋಡಿ ಕೀವೆಂದು ಗಾಬರಿಯಾಗುತ್ತಾರೆ. ಅದು ಕೀವಲ್ಲ, ಗಾಯ ಮಾಯುವ ಪೊರೆ. ಕೆರೆದು ತೆಗೆಯಬೇಡಿ.

ಆ ಪೊರೆ ಉದುರುವ ಐದರಿಂದ ಹತ್ತನೇ ದಿನದ ನಡುವೆ ರಕ್ತ ಬರುವ ಭಯವಿರುತ್ತದೆ, ಮೊದಲ 24 ತಾಸಿನಲ್ಲಿ ಇದ್ದಂತೆಯೇ. ಉಗುಳಿನಲ್ಲಿ ಎಳೆಯಷ್ಟು ಕಂಡರೆ ತಣ್ಣೀರಿನಿಂದ ಬಾಯಿ ಮುಕ್ಕಳಿಸಿ ನೋಡಬಹುದು. ಹಸಿ ಕೆಂಪು ರಕ್ತ ನಿಲ್ಲದೆ ಬಂದರೆ, ಗಡ್ಡೆ ಗಡ್ಡೆ ಬಿದ್ದರೆ ರಾತ್ರಿಯೇ ಇರಲಿ, ದವಾಖಾನೆಗೆ ಹೊರಡಬೇಕು. ರೋಣ, ಕಲಘಟಗಿ, ಹಾನಗಲ್ಲಿನ ಹಳ್ಳಿಗಳವರು ಈ ದಿನಗಳಲ್ಲಿ ರಾತ್ರಿ ಯಾವ ಆಸ್ಪತ್ರೆಗೆ ಹೋಗಬೇಕು, ಗಾಡಿ ಯಾರದು ಎಂದು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಅದನ್ನು ಶಸ್ತ್ರಕ್ರಿಯೆಗೆ ಮೊದಲೇ ಹೇಳಿರಬೇಕು. ತಾವಾಗಿಯೇ ನಿಲ್ಲಿಸಲೂ ಬಾರದು, ಮತ್ತೆ ಶುರು ಮಾಡಲೂ ಬಾರದು.

ಫಲಿತಾಂಶದ ಬಗ್ಗೆ ನೇರ ಮಾತು: ಸರಿಯಾಗಿ ಆರಿಸಿದ ರೋಗಿಗಳಲ್ಲಿ ಹೆಚ್ಚಿನವರಿಗೆ ಗುಣ ಕಾಣುತ್ತದೆ, ಎಲ್ಲರಿಗೂ ಅಲ್ಲ. ಮುಳ್ಳು ಚುಚ್ಚಿದ ಅನಿಸಿಕೆ ಗಾಯ ಮಾಯುತ್ತಿದ್ದಂತೆ ಹೋಗಬಹುದು. ಕೆರಳಿದ ನರ ತಣ್ಣಗಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಮೊದಲ ಎರಡು ವಾರ ಕಿವಿನೋವು ಹೆಚ್ಚೇ ಆಗಬಹುದು, ಅದು ಗಾಯದ್ದು. ಮೂರು ತಿಂಗಳಾದರೂ ಹಳೆಯ ನೋವು ಹಾಗೇ ಇದ್ದರೆ ಮರಳಿ ಸಿಟಿ ಮಾಡಿಸಿ ಉಳಿದ ಉದ್ದ ನೋಡಬೇಕು. ಎಲುಬು ಸಾಕಷ್ಟು ಹೋಗಿದ್ದೂ ನೋವಿದ್ದರೆ ನರಶೂಲೆ, ದವಡೆಕೀಲು, ಕುತ್ತಿಗೆ ಮಣಿಗಳ ಕಡೆ ತಿರುಗಬೇಕು.

ಡಿಸ್ಚಾರ್ಜ್ ಕಾರ್ಡಿನಲ್ಲಿ ನಾಲ್ಕು ಸಾಲು ಇರಲೇಬೇಕು: ಯಾವ ಬದಿ, ಯಾವ ದಾರಿ, ತೆಗೆದ ತುಂಡಿನ ಉದ್ದ ಎಷ್ಟು ಮಿಲಿಮೀಟರ್, ಒಳಗೆ ಉಳಿದದ್ದೆಷ್ಟು. "ಸ್ಟೈಲಾಯ್ಡೆಕ್ಟಮಿ ಮಾಡಲಾಗಿದೆ" ಎಂಬ ಒಂದೇ ಸಾಲಿನ ಕಾರ್ಡು ಕೊಟ್ಟರೆ ಬಿಲ್ ಕಟ್ಟುವ ಮೊದಲೇ ವಾರ್ಡಿನ ಡಾಕ್ಟರ ಹತ್ತಿರ ವಾಪಸ್ ಒಯ್ಯಿರಿ. ಶಸ್ತ್ರಕ್ರಿಯೆಯ ಟಿಪ್ಪಣಿ ಕಡತದಲ್ಲಿರುತ್ತದೆ, ನೋಡಿ ಬರೆಯಲು ಎರಡು ನಿಮಿಷ ಸಾಕು. ಕಡತ ದಾಖಲೆ ಕೋಣೆಗೆ ಹೋದ ಮೇಲೆ ಅದನ್ನು ತೆಗೆಸಲು ಎರಡು ದಿನದ ಓಡಾಟ.